ಬೆಲ್‌ಫಾಸ್ಟ್‌ನ ಮೆಥಡಿಸ್ಟ್ ಕಾಲೇಜು, ನಮ್ಮ ಗುಬ್ಬಿ, ಮತ್ತು ಶಿಲುಬೆ ಪಕ್ಕದ ಆ ಬೆಂಕಿ

ತುಮಕೂರು_ತಟ್ಟೆಇಡ್ಲಿ

ಎಲ್ಲರಿಗೂ ನಮಸ್ಕಾರ. ಊರು ತುಮಕೂರು, ಈಗ ಇರುವುದು ಬೆಲ್‌ಫಾಸ್ಟ್‌ನಲ್ಲಿ. ಬರುವ ಸೆಪ್ಟೆಂಬರ್‌ಗೆ ಮಗಳಿಗೆ ಇಲ್ಲಿನ ಮೆಥಡಿಸ್ಟ್ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಹೆಸರಿಗೆ ಕಾಲೇಜು, ಆದರೆ ಅದು ಹೈಸ್ಕೂಲು. 11 ವರ್ಷದಿಂದ 18ರವರೆಗಿನ ಮಕ್ಕಳು ಓದುತ್ತಾರೆ. ಊರವರೆಲ್ಲ 'ಮೆಥಡಿ' ಅಂತಲೇ ಕರೆಯುತ್ತಾರೆ. ಅದಕ್ಕೆ ಸೇರಲು ಬರೆಯುವ ಟ್ರಾನ್ಸ್‌ಫರ್ ಟೆಸ್ಟ್ ಅನ್ನುವ ಪರೀಕ್ಷೆಗೆ ಮನೆಯವರೆಲ್ಲ ಸೇರಿ ಓದಿದ್ದೇವೆ, ಆ ಕಥೆ ಬೇಡ ಬಿಡಿ.

ಸುದ್ದಿ ಹೇಳಿದಾಗ ಅತ್ತೆ ಫೋನಿನಲ್ಲಿ "ಮಿಷನ್ ಸ್ಕೂಲಾ? ಹಾಗಾದ್ರೆ ಇಂಗ್ಲಿಷ್ ಚೆನ್ನಾಗಿ ಕಲೀತಾಳೆ ಬಿಡು" ಅಂದರು. ಮಾವನಿಗೆ ಮಾತ್ರ ಬೇರೆ ಚಿಂತೆ. "ಮೆಥಡಿಸ್ಟ್ ಅಂದ್ರೆ ಯಾವ ಪೈಕಿ? ಮಗು ಕೈಲಿ ಏನೇನು ಮಾಡಿಸ್ತಾರೆ?" ಅಂತ ಕೇಳಿದರು. ನನಗೂ ಸರಿಯಾಗಿ ಗೊತ್ತಿಲ್ಲ. ಶಾಲೆಯ ಧ್ಯೇಯವಾಕ್ಯ ಲ್ಯಾಟಿನ್‌ನಲ್ಲಿದೆ, 'ಡೇಯುಸ್ ನೋಬಿಸ್ಕುಮ್', ದೇವರು ನಮ್ಮ ಜೊತೆ ಇದ್ದಾನೆ ಅಂತ. ಇಂಟರ್ನೆಟ್‌ನಲ್ಲಿ ಮೆಥಡಿಸ್ಟ್ ಅಂತ ಹುಡುಕಿದರೆ ಶಿಲುಬೆ, ಅದರ ಪಕ್ಕ ಕೆಂಪು ಬೆಂಕಿ ಇರುವ ಚಿತ್ರ ಬರುತ್ತದೆ. ಇದೆಲ್ಲ ಏನು, ಎಲ್ಲಿಂದ ಬಂತು? ಗೊತ್ತಿರುವವರು ಸ್ವಲ್ಪ ಹೇಳಿ.

ಮೈಸೂರು_ಮೇಷ್ಟ್ರು

ತುಮಕೂರಿನವರೇ, ನಿಮ್ಮ ಮಾವನವರಿಗೆ ಮೊದಲು ಈ ಸುದ್ದಿ ಮುಟ್ಟಿಸಿ. ನಿಮ್ಮ ಮಗಳು ಸೇರುತ್ತಿರುವ ಶಾಲೆಗೆ ಶುರುವಿನಲ್ಲಿ ಪ್ರಿನ್ಸಿಪಾಲರಾಗಿದ್ದವರು ನಿಮ್ಮ ಪಕ್ಕದ ಗುಬ್ಬಿಯಲ್ಲಿ ಇದ್ದವರು.

ಸುಮ್ನೆ ಹೇಳುತ್ತಿಲ್ಲ. ಅವರ ಹೆಸರು ವಿಲಿಯಂ ಆರ್ಥರ್. ಹುಟ್ಟಿದ್ದು 1819ರಲ್ಲಿ, ನಿಮ್ಮ ಬೆಲ್‌ಫಾಸ್ಟ್ ಹತ್ತಿರದ ಆಂಟ್ರಿಮ್ ಕಡೆ. ಇಂಗ್ಲೆಂಡಿನ ಮೆಥಡಿಸ್ಟರಿಗೆ, ಅಂದರೆ ವೆಸ್ಲಿಯನ್ ಮಿಷನ್‌ಗೆ, ಆಗ ಮೈಸೂರು ಸೀಮೆಯಲ್ಲಿ ಕೆಲಸ ಶುರುವಾಗಿತ್ತು. 1837ರಲ್ಲಿ ಥಾಮಸ್ ಹಾಡ್ಸನ್ ಗುಬ್ಬಿಯಲ್ಲಿ ನೆಲೆ ಮಾಡಿದರು. 1839ರಲ್ಲಿ ಇಪ್ಪತ್ತರ ಹುಡುಗ ಆರ್ಥರ್ ಅಲ್ಲಿಗೆ ಬಂದರು. ಕನ್ನಡ ಕಲಿತರು. ಆದರೆ ಕಣ್ಣು ಕೈಕೊಟ್ಟಿತು. 1841ರಲ್ಲೇ ವಾಪಸ್ಸು ಹೋಗಬೇಕಾಯಿತು.

ಇದ್ದದ್ದು ಎರಡೇ ವರ್ಷ, ಆದರೆ ಗುಬ್ಬಿ ಅವರನ್ನು ಬಿಡಲಿಲ್ಲ. ಊರಿಗೆ ಹೋದ ಮೇಲೆ ಮೈಸೂರು ಸೀಮೆಯ ಬಗ್ಗೆಯೇ ಒಂದು ದಪ್ಪ ಪುಸ್ತಕ ಬರೆದರು, 1847ರಲ್ಲಿ. ಆಮೇಲೆ ಮಿಷನ್ನಿನ ಕಾರ್ಯದರ್ಶಿಯಾದರು, 1866ರಲ್ಲಿ ಬ್ರಿಟನ್ನಿನ ಮೆಥಡಿಸ್ಟ್ ಮಹಾಸಭೆಗೆ ಅಧ್ಯಕ್ಷರಾದರು. 1868ರಲ್ಲಿ ಬೆಲ್‌ಫಾಸ್ಟ್‌ನ ಆ ಕೆಂಪು ಇಟ್ಟಿಗೆ ಕಟ್ಟಡ ಬಾಗಿಲು ತೆರೆದಾಗ ಪ್ರಿನ್ಸಿಪಾಲರ ಕುರ್ಚಿಯಲ್ಲಿ ಕೂತರು. 1871ರವರೆಗೆ ಇದ್ದರು. ಗುಬ್ಬಿಯಲ್ಲಿ ಅವರ ಹೆಸರಿನ ಚರ್ಚು ಈಗಲೂ ಇದೆ, ವಿಲಿಯಂ ಆರ್ಥರ್ ಮೆಮೋರಿಯಲ್ ಚರ್ಚ್. ಗುಬ್ಬಿ ಅಂದ ತಕ್ಷಣ ನಾವೆಲ್ಲ ವೀರಣ್ಣನವರ ನಾಟಕ ಕಂಪನಿ ನೆನಪು ಮಾಡಿಕೊಳ್ಳುತ್ತೇವೆ, ಈ ಚರ್ಚು ಯಾರ ಕಣ್ಣಿಗೂ ಬೀಳುವುದಿಲ್ಲ.

ಇನ್ನು ಧ್ಯೇಯವಾಕ್ಯ. ಮೆಥಡಿಸ್ಟ್ ಅನ್ನುವುದು ಪ್ರೊಟೆಸ್ಟೆಂಟರ ಪೈಕಿ ಒಂದು ಪಂಥ. ಅದನ್ನು ಶುರು ಮಾಡಿದ ಜಾನ್ ವೆಸ್ಲಿ 1791ರ ಮಾರ್ಚ್ 2ರಂದು ಲಂಡನ್ನಿನಲ್ಲಿ ತೀರಿಕೊಂಡರು. ಆಗ ಅವರಿಗೆ 87. ಸಾಯುವ ಹೊತ್ತಿನಲ್ಲಿ ಅವರು ಹೇಳಿದ್ದು, ಎಲ್ಲಕ್ಕಿಂತ ಒಳ್ಳೆಯದು ಅಂದರೆ ದೇವರು ನಮ್ಮ ಜೊತೆ ಇದ್ದಾನೆ ಅಂತ. ನಿಮ್ಮ ಶಾಲೆಯ ಲ್ಯಾಟಿನ್ ಮಾತು ಅಲ್ಲಿಂದ ಬಂದದ್ದು. ಮೆಥಡಿಸ್ಟರ ಮಟ್ಟಿಗೆ ಆ ಮಾತು ಮನೆಮಾತು. ನಮ್ಮಲ್ಲಿ ಬಸವಣ್ಣನವರ ವಚನದ ಒಂದು ಸಾಲನ್ನು ಶಾಲೆಯ ಬಾಗಿಲ ಮೇಲೆ ಬರೆಸುತ್ತಾರಲ್ಲ, ಹಾಗೆ.

ಬೆಂಕಿ ಚಿತ್ರದ ಬಗ್ಗೆ ಬೇರೆ ಯಾರಾದರೂ ಹೇಳಲಿ. ಅದು ನನ್ನ ಇಲಾಖೆ ಅಲ್ಲ.

ತುಮಕೂರು_ತಟ್ಟೆಇಡ್ಲಿ

ಮೇಷ್ಟ್ರೇ!! ಗುಬ್ಬಿ ನಮ್ಮ ಅಜ್ಜಿ ಊರು. ಚನ್ನಬಸವೇಶ್ವರ ಜಾತ್ರೆಗೆ ಪ್ರತಿ ವರ್ಷ ಹೋಗುತ್ತಿದ್ದೆವು. ಒಂದು ಸಲವೂ ಯಾರೂ ಇದನ್ನು ಹೇಳಿಲ್ಲ. ಮಾವನಿಗೆ ಈಗಲೇ ಫೋನ್ ಮಾಡ್ತೀನಿ.

ಬೀದರ್_ಬಿದ್ರಿ

ನಾವು ಬೀದರಿನ ಮೆಥಡಿಸ್ಟರು. ತಾತನ ಕಾಲದಿಂದ ಅದೇ ಸಭೆ, ಅಂದರೆ ಚರ್ಚು. ಬೆಂಕಿ ವಿಷಯ ನಾನು ಹೇಳ್ತೀನಿ.

ಅಕ್ಕಾ, ನೀವು ಇಂಟರ್ನೆಟ್‌ನಲ್ಲಿ ನೋಡಿದ ಶಿಲುಬೆ ಮತ್ತು ಜ್ವಾಲೆ ನಿಮ್ಮ ಬೆಲ್‌ಫಾಸ್ಟ್ ಶಾಲೆಗೆ ಸೇರಿದ್ದಲ್ಲ. ಅದು ಅಮೆರಿಕದ್ದು. ಬಹಳ ಹಳೆಯದೂ ಅಲ್ಲ. 1968ರಲ್ಲಿ ಅಮೆರಿಕದ ಎರಡು ಸಭೆಗಳು ಕೂಡಿ ಯುನೈಟೆಡ್ ಮೆಥಡಿಸ್ಟ್ ಚರ್ಚ್ ಆಯಿತು. ಆಗ ಮಾಡಿಸಿದ ಗುರುತು ಅದು. ಚೆನ್ನಾಗಿ ನೋಡಿದರೆ ಜ್ವಾಲೆಗೆ ಎರಡು ನಾಲಿಗೆ ಕಾಣುತ್ತವೆ. ಕೂಡಿದ್ದು ಎರಡು ಸಭೆ, ಅದಕ್ಕೆ ಎರಡು. ಅದನ್ನು ಟ್ರೇಡ್‌ಮಾರ್ಕ್ ಕೂಡ ಮಾಡಿಸಿದ್ದಾರೆ. ನೂರಾರು ವರ್ಷದ ಮೆಥಡಿಸ್ಟ್ ಪರಂಪರೆ ಅಂತ ಜನ ಆ ಚಿತ್ರಕ್ಕೆ ಕೈ ಮುಗಿಯುತ್ತಾರೆ. ನಮ್ಮ ಅಪ್ಪನಿಗಿಂತ ಚಿಕ್ಕ ವಯಸ್ಸು ಅದಕ್ಕೆ!

ಆದರೆ ಬೆಂಕಿಯ ಕಥೆ ಹಳೆಯದೇ. ಮೂರು ಕಡೆಯಿಂದ ಬಂದು ಸೇರುತ್ತದೆ. ಬೈಬಲಿನಲ್ಲಿ, ಅಪೊಸ್ತಲರ ಕೃತ್ಯಗಳ ಎರಡನೇ ಅಧ್ಯಾಯದಲ್ಲಿ, ಪಂಚಾಶತ್ತಮ ದಿನ, ಅಂದರೆ ಪೆಂಟೆಕೋಸ್ಟ್ ಹಬ್ಬದ ದಿನ, ಯೇಸುವಿನ ಶಿಷ್ಯರ ಮೇಲೆ ಬೆಂಕಿಯ ನಾಲಿಗೆಗಳು ಬಂದು ಕೂತವು ಅಂತ ಇದೆ. ಎರಡನೆಯದು 1738ರ ಮೇ 24. ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ ಕೂತಿದ್ದಾಗ ತನ್ನ ಎದೆ ಯಾಕೋ ಬೆಚ್ಚಗಾಯಿತು ಅಂತ ವೆಸ್ಲಿ ದಿನಚರಿಯಲ್ಲಿ ಬರೆದಿಟ್ಟಿದ್ದಾರೆ. ಮೆಥಡಿಸ್ಟರಿಗೆ ಅದು ದೊಡ್ಡ ದಿನ.

ನನಗೆ ಇಷ್ಟವಾದದ್ದು ಮೂರನೆಯದು. 1709ರ ಫೆಬ್ರವರಿ, ರಾತ್ರಿ. ಎಪ್‌ವರ್ತ್ ಅನ್ನುವ ಹಳ್ಳಿ. ವೆಸ್ಲಿಯವರ ಅಪ್ಪ ಅಲ್ಲಿ ಪಾದ್ರಿ. ಹುಲ್ಲಿನ ಮಾಡಿನ ಮನೆಗೆ ಬೆಂಕಿ ಬಿತ್ತು. ಎಲ್ಲರೂ ಹೊರಗೆ ಓಡಿದರು. ಎಣಿಸಿ ನೋಡಿದರೆ ಐದು ವರ್ಷದ ಜಾನ್ ಇಲ್ಲ. ಮಹಡಿ ಕಿಟಕಿಯಲ್ಲಿ ಹುಡುಗ ಕಾಣಿಸಿದ. ಏಣಿ ತರಲು ಹೊತ್ತಿಲ್ಲ. ಒಬ್ಬ ಗೋಡೆಗೆ ಒರಗಿ ನಿಂತ, ಅವನ ಹೆಗಲ ಮೇಲೆ ಇನ್ನೊಬ್ಬ ಹತ್ತಿ ಹುಡುಗನನ್ನು ಎಳೆದುಕೊಂಡ. ಹಿಂದೆಯೇ ಮಾಡು ಕುಸಿಯಿತು. ಉರಿಯಿಂದ ಹೊರಗೆಳೆದ ಕೊಳ್ಳಿ ಅಂತ ಜಕರ್ಯನ ಪುಸ್ತಕದಲ್ಲಿ ಒಂದು ಮಾತಿದೆ. ವೆಸ್ಲಿ ಜೀವನಪೂರ್ತಿ ಅದನ್ನು ತನಗೆ ಅನ್ವಯಿಸಿಕೊಂಡರು. ನಮ್ಮ ಸಂಡೆ ಸ್ಕೂಲಿನಲ್ಲಿ ಟೀಚರ್ ಈ ಕಥೆ ಹೇಳುವಾಗ ಹೆಗಲ ಮೇಲೆ ಹತ್ತುವ ಭಾಗಕ್ಕೆ ಇಬ್ಬರು ಹುಡುಗರನ್ನು ನಿಲ್ಲಿಸಿ ಮಾಡಿ ತೋರಿಸುತ್ತಿದ್ದರು. ಬೀಳುತ್ತಿದ್ದದ್ದು ಯಾವಾಗಲೂ ನಾನೇ.

ಮೈಸೂರು_ಮೇಷ್ಟ್ರು

ಬೀದರಿನವರು ಬೆಂಕಿಯ ನಾಲಿಗೆ ಅಂದಾಗ ಒಂದು ಹೊಳೆಯಿತು. ಗುಬ್ಬಿಯ ಆರ್ಥರ್ 1856ರಲ್ಲಿ ಬರೆದ ಅತಿ ಹೆಸರಾಂತ ಪುಸ್ತಕದ ಹೆಸರೇ 'ದಿ ಟಂಗ್ ಆಫ್ ಫೈರ್'. ವಿಷಯ ಅದೇ ಪಂಚಾಶತ್ತಮ ದಿನ. ಆ ಕಾಲದಲ್ಲಿ ಮೆಥಡಿಸ್ಟರು ಬಹಳ ಓದಿದ ಪುಸ್ತಕ. 1968ರ ಚಿತ್ರ ಇದರಿಂದ ಬಂತು ಅಂತ ನಾನು ಹೇಳುತ್ತಿಲ್ಲ, ಹಾಗೆ ಹೇಳಿದರೆ ತಪ್ಪಾಗುತ್ತದೆ. ಆದರೆ ಚಿತ್ರ ಬರುವ ಮುಂಚೆಯೇ ಜ್ವಾಲೆ ಇವರ ಮಾತಿನಲ್ಲಿ, ಹಾಡಿನಲ್ಲಿ ಇತ್ತು ಅನ್ನುವುದು ನಿಜ.

ನೇರ_ಮಾತು

ಎಲ್ಲರೂ ಚೆನ್ನಾಗಿ ಕಥೆ ಹೇಳ್ತಿದ್ದೀರ. ಕೇಳೋಕೆ ಹಿತವಾಗಿದೆ. ಆದರೆ ಆರ್ಥರ್ ಗುಬ್ಬಿಗೆ ಬಂದದ್ದು ಯಾಕೆ? ಇಡ್ಲಿ ತಿನ್ನೋಕಾ? ಮತ ಬದಲಾಯಿಸೋಕೆ ಬಂದರು. ಶಾಲೆ ಅದರ ಬಾಗಿಲು. ಈಗ ಅದಕ್ಕೆ 'ಪರಂಪರೆ' ಅಂತ ಹೆಸರಿಟ್ಟು ಗೋಡೆ ಮೇಲೆ ಹಾಕಿದರೆ ಒಳ್ಳೆಯದಾಗಿಬಿಡುತ್ತಾ? ಮಾವನವರ ಚಿಂತೆ ನ್ಯಾಯವಾದದ್ದೇ.

ಮೈಸೂರು_ಮೇಷ್ಟ್ರು

ನೇರ ಮಾತಿನವರೇ, ನೀವು ಹೇಳಿದ್ದರಲ್ಲಿ ಮೊದಲ ಅರ್ಧ ಸರಿ. ಆರ್ಥರ್ ಬಂದದ್ದು ಮತ ಸಾರುವುದಕ್ಕೇ. ಅವರು ಅದನ್ನು ಮುಚ್ಚಿಡಲಿಲ್ಲ, ಮೈಸೂರು ಸೀಮೆಯ ಪುಸ್ತಕದ ಹೆಸರಲ್ಲೇ ಮಿಷನ್ ಅಂತ ಇದೆ. ನಮ್ಮ ದೇವರುಗಳ ಬಗ್ಗೆ ಆ ಕಾಲದ ಮಿಷನರಿಗಳು ಬರೆದದ್ದನ್ನು ಇವತ್ತು ಓದಿದರೆ ನನಗೂ ಮೈ ಉರಿಯುತ್ತದೆ. ಅದನ್ನು ಬಿಟ್ಟು ಬರೀ ಸಿಹಿ ಮಾತಾಡುವ ಸ್ಮರಣ ಸಂಚಿಕೆಗಳನ್ನು ನಾನೂ ನಂಬುವುದಿಲ್ಲ.

ಎರಡನೇ ಅರ್ಧಕ್ಕೆ ಒಂದು ಸಂಗತಿ ಹೇಳುತ್ತೇನೆ. ಬೆಂಗಳೂರಿನ ವೆಸ್ಲಿಯನ್ ಮಿಷನ್ ಪ್ರೆಸ್ಸಿನಲ್ಲಿ 1849ರಲ್ಲಿ ಭಗವದ್ಗೀತೆ ಅಚ್ಚಾಯಿತು. ಸಂಸ್ಕೃತ, ಕನ್ನಡ, ಇಂಗ್ಲಿಷ್ ಮೂರೂ ಒಂದೇ ಪುಸ್ತಕದಲ್ಲಿ, ಸಂಪಾದಕರು ಮಿಷನರಿ ಜಾನ್ ಗ್ಯಾರೆಟ್. ಮುಂದೆ ಇದೇ ಗ್ಯಾರೆಟ್ ಬೆಂಗಳೂರಿನ ಸರ್ಕಾರಿ ಹೈಸ್ಕೂಲಿಗೆ ಮುಖ್ಯಸ್ಥರಾದರು. ಅದೇ ಸೆಂಟ್ರಲ್ ಕಾಲೇಜ್ ಆಗಿ ಬೆಳೆದದ್ದು. ಮೈಸೂರಿನಿಂದ 1887ರಲ್ಲಿ 'ವೃತ್ತಾಂತ ಪತ್ರಿಕೆ' ಶುರು ಮಾಡಿದವರೂ ವೆಸ್ಲಿಯನ್ನರೇ. ಕುವೆಂಪು ಹೈಸ್ಕೂಲು ಓದಿದ್ದು ಮೈಸೂರಿನ ವೆಸ್ಲಿಯನ್ ಮಿಷನ್ ಶಾಲೆಯಲ್ಲಿ. ಅಲ್ಲಿ ಬೈಬಲ್ ಪಾಠ ಇತ್ತು. ಕುವೆಂಪು ಹೊರಗೆ ಬಂದದ್ದು ಕುವೆಂಪು ಆಗಿಯೇ. ಬಾಗಿಲು ತೆರೆದವರ ಉದ್ದೇಶ ಒಂದಿರಬಹುದು, ಒಳಗೆ ಹೋದವರು ತಮಗೆ ಬೇಕಾದದ್ದನ್ನು ತೆಗೆದುಕೊಂಡು ಬಂದರು.

ನೇರ_ಮಾತು

ಎಲ್ಲರೂ ಕುವೆಂಪು ಅಲ್ಲ ಮೇಷ್ಟ್ರೇ. ಆದರೂ ಗೀತೆ ವಿಷಯ ಗೊತ್ತಿರಲಿಲ್ಲ. ಒಪ್ಪಿದೆ.

ಲಗಾನ್_ದಂಡೆ

ಬೆಲ್‌ಫಾಸ್ಟ್‌ನಲ್ಲಿ ನರ್ಸ್ ಕೆಲಸ, ಊರು ಹಾಸನ. ತುಮಕೂರಿನವರೇ, ಇತಿಹಾಸ ಆಮೇಲೆ, ಮೊದಲು ಇಲ್ಲಿನ ನಿತ್ಯದ ವಿಷಯ ಹೇಳ್ತೀನಿ.

ಈ ಊರಲ್ಲಿ ಬ್ಲೇಜರ್ ನೋಡಿ ಹುಡುಗ ಯಾವ ಪಂಗಡದವನು ಅಂತ ಹೇಳುವವರಿದ್ದಾರೆ. ಕ್ಯಾಥೊಲಿಕ್ ಮಕ್ಕಳದು ಬೇರೆ ಶಾಲೆ, ಪ್ರೊಟೆಸ್ಟೆಂಟ್ ಮಕ್ಕಳದು ಬೇರೆ, ಬಹುಮಟ್ಟಿಗೆ ಈಗಲೂ ಹಾಗೇ. ಎರಡೂ ಕಡೆಯವರನ್ನು ಬೇಕಂತಲೇ ಕೂಡಿಸಿ ಶುರು ಮಾಡಿದ ಮೊದಲ ಶಾಲೆ ಲಗಾನ್ ಕಾಲೇಜು, ಅದು 1981ರಲ್ಲಿ. ಹಾಗಾಗಿ ಇಲ್ಲಿ ಶಾಲೆಯ ಮೇಲೆ ಯಾವ ಗುರುತು ಇದೆ ಅನ್ನುವುದು ಅಲಂಕಾರದ ಪ್ರಶ್ನೆ ಅಲ್ಲ. ಮೆಥಡಿಯಲ್ಲಿ ಎಲ್ಲ ಕಡೆಯ ಮಕ್ಕಳೂ ಇದ್ದಾರೆ, ನಮ್ಮವರೂ ಇದ್ದಾರೆ.

ಅಸೆಂಬ್ಲಿಯಲ್ಲಿ ಪ್ರಾರ್ಥನೆ ಇರುತ್ತದೆ, ಧರ್ಮದ ಪಾಠವೂ ಇರುತ್ತದೆ. ನಿಮಗೆ ಬೇಡ ಅನ್ನಿಸಿದರೆ ಮಗುವನ್ನು ಅದರಿಂದ ಹೊರಗಿಡಿ ಅಂತ ಬರೆದುಕೊಡುವ ಹಕ್ಕು ತಂದೆತಾಯಿಗೆ ಉತ್ತರ ಐರ್ಲೆಂಡಿನ ಎಲ್ಲ ಸರ್ಕಾರಿ ಅನುದಾನದ ಶಾಲೆಗಳಲ್ಲೂ ಇದೆ. ನಾವು ಬೇರೆ ಶಾಲೆಯಲ್ಲಿ ಹಾಗೆ ಬರೆದುಕೊಡಲಿಲ್ಲ. ನನ್ನ ಮಗ ಕ್ರಿಸ್ಮಸ್ ಕ್ಯಾರಲ್ ಹಾಡಿಕೊಂಡು ಬಂದು ಮನೆಯಲ್ಲಿ 'ಗಜಮುಖನೆ' ಹೇಳುತ್ತಾನೆ. ಎರಡರಲ್ಲೂ ಶ್ರುತಿ ತಪ್ಪುತ್ತಾನೆ.

ಕತ್ತಿಗೆ ಯಾರೂ ಏನೂ ಹಾಕುವುದಿಲ್ಲ ಅಂತ ಮಾವನವರಿಗೆ ಹೇಳಿ. ಟೈ ಹಾಕಬೇಕು ಅಷ್ಟೆ.

ರಿಚ್ಮಂಡ್_ಟೌನ್

ಬೆಂಗಳೂರಿನ ಬಾಲ್ಡ್‌ವಿನ್ ಗರ್ಲ್ಸ್ ಶಾಲೆಯಲ್ಲಿ ಓದಿದವಳು. ನಮ್ಮದೂ ಮೆಥಡಿಸ್ಟ್ ಶಾಲೆ ಅಂತ ಓದುವಾಗ ತಲೆಗೇ ಹೋಗಿರಲಿಲ್ಲ. ಗೇಟಿನ ಮೇಲೆ ಬರೆದಿದ್ದರೂ. ನಮಗೆ ಬಿಷಪ್ ಕಾಟನ್ ಶಾಲೆ ಜೊತೆ ಪಂದ್ಯ ಇತ್ತು, ಅವರು ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಪೈಕಿ), ನಾವು ಮೆಥಡಿಸ್ಟ್ ಅನ್ನುವ ವ್ಯತ್ಯಾಸ ಯಾರಿಗೆ ಬೇಕಿತ್ತು!

ದೊಡ್ಡವಳಾದ ಮೇಲೆ ಆ ಬಾಲ್ಡ್‌ವಿನ್ ಯಾರು ಅಂತ ಹುಡುಕಿದೆ. ಬಿಷಪ್ ಇರಬೇಕು, ಮಿಷನರಿ ಇರಬೇಕು ಅಂದುಕೊಂಡಿದ್ದೆ. ಸಾಣೆಕಲ್ಲು ಮಾಡುವವನು! ಅಂದರೆ ಕತ್ತಿ, ಚಾಕು ಸಾಣೆ ಹಿಡಿಯುವ ಉರುಟು ಕಲ್ಲು. ಜಾನ್ ಬಾಲ್ಡ್‌ವಿನ್, ಅಮೆರಿಕದ ಒಹಾಯೊ ರಾಜ್ಯದ ಬೆರಿಯಾ ಊರು. ತನ್ನ ಜಮೀನಿನಲ್ಲಿ ಸಿಕ್ಕ ಮರಳುಗಲ್ಲು ಸಾಣೆಗೆ ಬಹಳ ಚೆನ್ನಾಗಿದೆ ಅಂತ ಕಂಡುಕೊಂಡು, ಅದನ್ನು ಚಕ್ರವಾಗಿ ಕಡೆಯುವ ಯಂತ್ರ ಮಾಡಿ ದುಡ್ಡು ಸಂಪಾದಿಸಿದರು. ಆ ದುಡ್ಡಿನಲ್ಲಿ 1845ರಲ್ಲಿ ಊರಲ್ಲೇ ಒಂದು ವಿದ್ಯಾಸಂಸ್ಥೆ ಕಟ್ಟಿದರು. ಅದೇ ಈಗಿನ ಬಾಲ್ಡ್‌ವಿನ್ ವಾಲೇಸ್ ವಿಶ್ವವಿದ್ಯಾಲಯ. ಹೆಣ್ಣುಮಕ್ಕಳಿಗೂ ಕಪ್ಪು ಜನರಿಗೂ ಅಲ್ಲಿ ಬಾಗಿಲು ತೆರೆದಿತ್ತು. ಬರಿಗಾಲಲ್ಲೇ ಓಡಾಡುತ್ತಿದ್ದರಂತೆ, ಚಪ್ಪಲಿ ಸವೆಯುತ್ತದೆ ಅಂತ. 1880ರಲ್ಲಿ ಬೆಂಗಳೂರಿನ ಮೆಥಡಿಸ್ಟರಿಗೆ ಶಾಲೆಗೆ ಹಣ ಬೇಕಾದಾಗ ಕೊಟ್ಟವರು ಇವರು. ಅವರ ಹೆಸರು ಇವತ್ತಿಗೂ ಹೊಸೂರು ರಸ್ತೆಯ ಬಸ್ ಸ್ಟಾಪಿನಲ್ಲಿ ದಿನಾ ಯಾರೋ ಒಬ್ಬರ ಬಾಯಲ್ಲಿ ಬರುತ್ತದೆ.

ನನ್ನ ಕೇಳಿದರೆ ಶಾಲೆಯ ಲಾಂಛನದಲ್ಲಿ ಆ ಸಾಣೆಕಲ್ಲು ಇರಬೇಕಿತ್ತು. ದೀಪ, ಪುಸ್ತಕ, ಶಿಲುಬೆ ಎಲ್ಲ ಶಾಲೆಯಲ್ಲೂ ಇರುತ್ತವೆ.

ಬೀದರ್_ಬಿದ್ರಿ

ರಿಚ್ಮಂಡ್ ಟೌನ್ ಮೇಡಂ, ಸೂಪರ್. ಇದರಲ್ಲಿ ಇನ್ನೊಂದು ಗಂಟು ಇದೆ, ಅದನ್ನು ಬಿಡಿಸಿಬಿಡೋಣ. ಕರ್ನಾಟಕದಲ್ಲಿ ಎರಡು ಮೆಥಡಿಸ್ಟ್ ಹೊಳೆ. ಮೇಷ್ಟ್ರು ಹೇಳಿದ ಮೈಸೂರು, ಗುಬ್ಬಿ, ತುಮಕೂರಿನ ವೆಸ್ಲಿಯನ್ನರು ಬ್ರಿಟನ್ನಿನವರು. ಬಾಲ್ಡ್‌ವಿನ್, ಕೋಲಾರ, ಬೀದರ್, ರಾಯಚೂರು, ಯಾದಗಿರಿ, ಕಲಬುರಗಿ ಕಡೆಯವರು ಅಮೆರಿಕದವರು. ಬೆಳಗಾವಿಯಲ್ಲಿ ಲಂಡನ್ ಮಿಷನ್ನಿನವರು ಮೊದಲು ಇದ್ದರು, 1904ರಲ್ಲಿ ಅಮೆರಿಕನ್ ಮೆಥಡಿಸ್ಟರಿಗೆ ವಹಿಸಿಕೊಟ್ಟು ಹೋದರು.

1947ರ ಸೆಪ್ಟೆಂಬರ್ 27ರಂದು ವೆಸ್ಲಿಯನ್ನರು ಆಂಗ್ಲಿಕನ್ನರು ಮತ್ತು ಇತರರ ಜೊತೆ ಕೂಡಿ ಚರ್ಚ್ ಆಫ್ ಸೌತ್ ಇಂಡಿಯಾ, ಅಂದರೆ ಸಿ.ಎಸ್.ಐ. ಆದರು. ಅವರ ಗುರುತು ತಾವರೆ ಹೂವಿನ ನಡುವೆ ಶಿಲುಬೆ. ಅಮೆರಿಕದ ಪೈಕಿಯವರು ಕೂಡಲಿಲ್ಲ. ನಾವು ಮೆಥಡಿಸ್ಟರಾಗಿಯೇ ಉಳಿದೆವು, 1981ರ ಜನವರಿಯಲ್ಲಿ ಭಾರತದ ಸ್ವತಂತ್ರ ಮೆಥಡಿಸ್ಟ್ ಸಭೆ ಆದೆವು. ಅದಕ್ಕೇ ಗುಬ್ಬಿಯಲ್ಲಿ ಮೆಥಡಿಸ್ಟ್ ಅಂತ ಕೇಳಿದರೆ ಯಾರೂ ದಾರಿ ತೋರಿಸುವುದಿಲ್ಲ, ಸಿ.ಎಸ್.ಐ. ಅಂತ ಕೇಳಬೇಕು. ಐರ್ಲೆಂಡಿನವರದು ಇವೆರಡೂ ಅಲ್ಲದ ಮೂರನೇ ಮನೆ. ಇಡೀ ದ್ವೀಪಕ್ಕೆ ಒಂದೇ ಮೆಥಡಿಸ್ಟ್ ಸಭೆ, ಗಡಿಯ ಆಚೆಗೂ ಈಚೆಗೂ.

ಹಾಗಾಗಿ ಒಂದು ಶಾಲೆಯ ಗುರುತು ನೋಡುವಾಗ ಮೊದಲು ಕೇಳಬೇಕಾದ್ದು ಯಾವ ಹೊಳೆಯ ನೀರು ಅಂತ. ಇಂಟರ್ನೆಟ್‌ನಿಂದ ಒಂದು ಚಿತ್ರ ಇಳಿಸಿಕೊಂಡು ಶಾಲೆಯ ಕಮಾನಿನ ಮೇಲೆ ಬರೆಸಿದರೆ ಪರಂಪರೆ ಆಗುವುದಿಲ್ಲ. ನಾನು ಓದಿದ ಶಾಲೆಯಲ್ಲಿ ಇದೇ ಜಗಳ ನಡೆಯಿತು. ಹಳೆ ವಿದ್ಯಾರ್ಥಿಗಳು ದುಡ್ಡು ಕೂಡಿಸಿ ಹೊಸ ಕಮಾನು ಕಟ್ಟಿಸಿದೆವು. ಒಬ್ಬರು ಶಿಲುಬೆ ಜ್ವಾಲೆ ಬೇಕು ಅಂದರು, ಅದೇ ನಮ್ಮ ಹಳೆಯ ಗುರುತು ಅಂತ ಹಟ. ನಾನು ಶಾಲೆಯ ಹಳೆಯ ಸರ್ಟಿಫಿಕೇಟ್ ತಂದು ತೋರಿಸಿದೆ. ಅದರಲ್ಲಿ ಇದ್ದದ್ದು ತೆರೆದ ಪುಸ್ತಕ ಒಂದೇ. ಕೊನೆಗೆ ಏನಾಯಿತು ಅಂತೀರಾ? ಪೇಂಟರ್ ಎರಡನ್ನೂ ಬರೆದ. ಬೆಂಕಿ ಪುಸ್ತಕಕ್ಕೆ ತಾಗಿಕೊಂಡೇ ಇದೆ. ಪುಸ್ತಕ ಸುಡುತ್ತಿರುವ ಹಾಗೆ ಕಾಣುತ್ತದೆ.

ನೇರ_ಮಾತು

ಹ್ಹಹ್ಹ. ಫೋಟೋ ಹಾಕಿ.

ಬೀದರ್_ಬಿದ್ರಿ

ಹಾಕಲ್ಲ. ಆಗ ಯಾವ ಶಾಲೆ ಅಂತ ಗೊತ್ತಾಗಿಬಿಡುತ್ತೆ.

ಡಲ್ಲಾಸ್_ದೋಸೆ

ಬೆಂಕಿ ವಿಷಯಕ್ಕೆ ಒಂದು ಸೇರಿಸ್ತೀನಿ, ಇಲ್ಲಿ ಅಮೆರಿಕದಲ್ಲೂ ಅದರ ಮೇಲೆ ತಕರಾರು ಇದೆ. ಕು ಕ್ಲಕ್ಸ್ ಕ್ಲಾನ್ ಅನ್ನುವ ಬಿಳಿಯರ ದ್ವೇಷದ ಗುಂಪಿನವರು ಕಪ್ಪು ಜನರನ್ನು ಹೆದರಿಸಲು ಅವರ ಮನೆ ಮುಂದೆ ಶಿಲುಬೆ ನೆಟ್ಟು ಬೆಂಕಿ ಹಚ್ಚುತ್ತಿದ್ದರು. ಹಾಗಾಗಿ ಶಿಲುಬೆಯ ಪಕ್ಕ ಜ್ವಾಲೆ ನೋಡಿದರೆ ಕಪ್ಪು ಮೆಥಡಿಸ್ಟರಿಗೆ ಮೊದಲು ನೆನಪಾಗುವುದು ಅದು. 2020ರಲ್ಲಿ ನಮ್ಮ ಉತ್ತರ ಟೆಕ್ಸಸ್ ವಲಯದ ಸಭೆಯಲ್ಲಿ ಗುರುತು ಬದಲಾಯಿಸಬೇಕು ಅನ್ನುವ ಮನವಿಗೆ ಬೆಂಬಲ ಸಿಕ್ಕಿತು. ಅಲ್ಲಿ ಆರಾಧನೆಗೆ ಹೋಗುವ ಸ್ನೇಹಿತರೊಬ್ಬರು ಹೇಳಿದ್ದು, ಬಿಳಿಯರು ಚಿತ್ರ ಬರೆದಾಗ ಪಂಚಾಶತ್ತಮ ದಿನ ಮಾತ್ರ ಕಂಡಿತು, ಪಕ್ಕದ ಮನೆಯವನ ಅಂಗಳ ಕಾಣಲಿಲ್ಲ ಅಂತ.

ಮೈಸೂರು_ಮೇಷ್ಟ್ರು

ಇದು ಹೊಸ ವಿಷಯ ನನಗೆ. ಗುಲಾಮಗಿರಿ ವಿರುದ್ಧ ವೆಸ್ಲಿ 1774ರಲ್ಲೇ ಕಟುವಾಗಿ ಬರೆದಿದ್ದರು. ಸಾಯುವ ಮುಂಚಿನ ವಾರ ಕೂಡ ಗುಲಾಮರ ವ್ಯಾಪಾರದ ವಿರುದ್ಧ ಹೋರಾಡುತ್ತಿದ್ದ ಬ್ರಿಟಿಷ್ ಸಂಸದ ವಿಲ್ಬರ್‌ಫೋರ್ಸ್‌ಗೆ ಅದೇ ವಿಷಯಕ್ಕೆ ಕಾಗದ ಬರೆದರು. ಅವರ ಹೆಸರಿನ ಸಭೆಯ ಗುರುತು ಈ ಗೊಂದಲಕ್ಕೆ ಸಿಕ್ಕಿಕೊಂಡದ್ದು ವಿಚಿತ್ರ.

ತುಮಕೂರು_ತಟ್ಟೆಇಡ್ಲಿ

ಮಾವನಿಗೆ ಗುಬ್ಬಿ ಕಥೆ ಹೇಳಿದೆ. "ಹಂಗಾದ್ರೆ ನಮ್ಮೋರೇ" ಅಂದರು. ಚಿಂತೆ ಮುಗಿಯಿತು.

ಈಗ ನನ್ನ ಪ್ರಶ್ನೆ. ಜ್ವಾಲೆ ಅಮೆರಿಕದ್ದು ಅಂದಿರಿ. ಹಾಗಾದರೆ ಬೆಲ್‌ಫಾಸ್ಟ್ ಶಾಲೆಯಲ್ಲಿ ಮೆಥಡಿಸ್ಟ್ ಅನ್ನುವುದು ಎಲ್ಲಿದೆ? ಒಂದು ಲ್ಯಾಟಿನ್ ಸಾಲಿನಲ್ಲಿ ಅಷ್ಟೇನಾ? ಮತ್ತೆ ಎಲ್ಲೋ ಓದಿದೆ, ವೆಸ್ಲಿ ಹೆಸರಿನ ಶಾಲೆಗಳಲ್ಲಿ ಸಮುದ್ರದ ಚಿಪ್ಪು ಇರುತ್ತದಂತೆ. ಅದೇನು?

ಮೈಸೂರು_ಮೇಷ್ಟ್ರು

ಚಿಪ್ಪು ಸುಲಭ. ವೆಸ್ಲಿ ಮನೆತನದ ಲಾಂಛನದಲ್ಲಿ ಶಿಲುಬೆಯ ನಾಲ್ಕು ಮೂಲೆಗೂ ಬೀಸಣಿಗೆ ಆಕಾರದ ಚಿಪ್ಪುಗಳಿವೆ. ಯುರೋಪಿನಲ್ಲಿ ಯಾತ್ರಿಕರು ಟೋಪಿಗೆ ಸಿಕ್ಕಿಸಿಕೊಳ್ಳುತ್ತಿದ್ದ ಚಿಪ್ಪು ಅದು. ವೆಸ್ಲಿ ಜೀವಮಾನವಿಡೀ ಕುದುರೆ ಮೇಲೆ ಊರೂರು ಸುತ್ತಿದವರು, ಅವರಿಗೆ ಒಪ್ಪುತ್ತದೆ.

ನಿಮ್ಮ ಮೊದಲ ಪ್ರಶ್ನೆಗೆ ಆ ಕುದುರೆಯಲ್ಲೇ ಉತ್ತರ ಇದೆ. ಮೆಥಡಿಸ್ಟ್ ಬೋಧಕರನ್ನು ಒಂದೇ ಊರಲ್ಲಿ ಬಿಡುತ್ತಿರಲಿಲ್ಲ. ಕೆಲವು ವರ್ಷಕ್ಕೊಮ್ಮೆ ಎತ್ತಂಗಡಿ. ಅಪ್ಪ ಹೀಗೆ ಊರು ಬದಲಾಯಿಸುತ್ತಿದ್ದರೆ ಮಕ್ಕಳ ಓದಿನ ಗತಿ? ಅದಕ್ಕೆ ವೆಸ್ಲಿ 1748ರಲ್ಲಿ ಬ್ರಿಸ್ಟಲ್ ಹತ್ತಿರ ಕಿಂಗ್ಸ್‌ವುಡ್‌ನಲ್ಲಿ ವಸತಿ ಶಾಲೆ ತೆರೆದರು. ಮುಂದೆ ಅದು ಬೋಧಕರ ಮಕ್ಕಳ ಶಾಲೆಯೇ ಆಯಿತು. ಕಲ್ಲಿದ್ದಲು ಗಣಿಯ ಊರು. ನಿಯಮ ಕೇಳಿ: ಬೆಳಿಗ್ಗೆ 4ಕ್ಕೆ ಏಳಬೇಕು, ರಜೆ ಇಲ್ಲ, ಆಟ ಇಲ್ಲ. ಚಿಕ್ಕವನಿದ್ದಾಗ ಆಡುವವನು ದೊಡ್ಡವನಾದ ಮೇಲೂ ಆಡುತ್ತಾನೆ ಅನ್ನುವುದು ಅವರ ವಾದ. ಮಕ್ಕಳ ವಿಷಯದಲ್ಲಿ ವೆಸ್ಲಿ ಪೂರ್ತಿ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಆ ಶಾಲೆ ಬಾತ್ ನಗರಕ್ಕೆ ಹೋಗಿ ಈಗಲೂ ನಡೆಯುತ್ತಿದೆ, ಪುಣ್ಯಕ್ಕೆ ಆ ನಿಯಮಗಳಿಲ್ಲದೆ.

ಬೆಲ್‌ಫಾಸ್ಟ್ ಶಾಲೆ ಹುಟ್ಟಿದ್ದೂ ಬಹುಮಟ್ಟಿಗೆ ಇದೇ ಕಾರಣಕ್ಕೆ. ಬೋಧಕರ ಮಕ್ಕಳಿಗೆ ಓದು, ಬೋಧಕರಾಗುವವರಿಗೆ ತರಬೇತಿ. ಜೊತೆಗೆ ಊರಿನ ಮಕ್ಕಳು. ತರಬೇತಿ ಮುಂದೆ ಬೇರೆ ಕಡೆಗೆ ಹೋಯಿತು. ಅರ್ನೆಸ್ಟ್ ವಾಲ್ಟನ್ ಹೆಸರು ಕೇಳಿರಬೇಕು. 1932ರಲ್ಲಿ ಕಾಕ್‌ಕ್ರಾಫ್ಟ್ ಜೊತೆ ಪರಮಾಣು ಒಡೆದವರು, 1951ರಲ್ಲಿ ನೊಬೆಲ್ ಬಂತು. ಅವರಪ್ಪ ಮೆಥಡಿಸ್ಟ್ ಬೋಧಕ, ಊರೂರು ತಿರುಗಾಟ. ಹುಡುಗನನ್ನು 1915ರಲ್ಲಿ ಮೆಥಡಿಯಲ್ಲಿ ಹಾಸ್ಟೆಲ್‌ಗೆ ಹಾಕಿದರು. ಅಪ್ಪನಿಗೆ ಒಂದೇ ಊರಲ್ಲಿ ಕೆಲಸ ಇದ್ದಿದ್ದರೆ ಆ ಹುಡುಗ ಆ ಶಾಲೆಗೆ ಬರುತ್ತಿದ್ದನೋ ಇಲ್ಲವೋ. ನೀ ಮೆಥಡಿಸ್ಟ್ ಅನ್ನುವುದನ್ನು ಎಲ್ಲಿ ಹುಡುಕುತ್ತೀಯಾ ಅಂದರೆ ನಾನು ಗೋಡೆ ಬಿಟ್ಟು ಹಾಸ್ಟೆಲ್ ತೋರಿಸುತ್ತೇನೆ.

ಬೀದರ್_ಬಿದ್ರಿ

ನಾನು ಹೆಣ್ಣುಮಕ್ಕಳ ಬೆಂಚು ತೋರಿಸ್ತೀನಿ. ವೆಸ್ಲಿಯ ತಾಯಿ ಸುಸಾನಾ. ಹೆತ್ತದ್ದು 19, ಉಳಿದದ್ದು ಹತ್ತು. ಅಷ್ಟೂ ಮಕ್ಕಳಿಗೆ ಮನೆಯಲ್ಲೇ ಪಾಠ. ಐದನೇ ಹುಟ್ಟುಹಬ್ಬದ ಮರುದಿನ ಅಕ್ಷರ ಶುರು. ಚೆನ್ನಾಗಿ ಓದಲು ಬರುವವರೆಗೆ ಹೆಣ್ಣುಮಗುವಿಗೆ ಮನೆಕೆಲಸ ಕಲಿಸಬಾರದು ಅಂತ ಆಕೆಯದೇ ನಿಯಮ. ಮೂರು ನೂರು ವರ್ಷದ ಹಿಂದೆ!

ಬೆಲ್‌ಫಾಸ್ಟ್ ಶಾಲೆ ತೆರೆದ 1868ರಲ್ಲೇ ಹುಡುಗಿಯರನ್ನೂ ಸೇರಿಸಿಕೊಂಡಿತು. ಅದಾಗಿ ಎರಡು ವರ್ಷಕ್ಕೆ, 1870ರಲ್ಲಿ, ಲಖನೌದ ಅಮೀನಾಬಾದ್ ಬಜಾರಿನಲ್ಲಿ ಇಸಾಬೆಲ್ಲಾ ಥೋಬರ್ನ್ ಆರು ಹುಡುಗಿಯರನ್ನು ಕೂರಿಸಿಕೊಂಡು ಪಾಠ ಶುರು ಮಾಡಿದರು. ಬಾಗಿಲಲ್ಲಿ ಒಬ್ಬ ಹುಡುಗ ದೊಣ್ಣೆ ಹಿಡಿದು ಕಾವಲಿದ್ದನಂತೆ. ಅದೇ ಇಸಾಬೆಲ್ಲಾ ಥೋಬರ್ನ್ ಕಾಲೇಜು, ಐ.ಟಿ. ಕಾಲೇಜು ಅಂತಾರೆ. ಅವರ ಧ್ಯೇಯವಾಕ್ಯ, ಕೊಡುವುದಕ್ಕಾಗಿ ಪಡೆಯುತ್ತೇವೆ ಅಂತ. ಅವರನ್ನು ಕಳಿಸಿದ್ದು ಅಮೆರಿಕದ ಮೆಥಡಿಸ್ಟ್ ಹೆಂಗಸರೇ 1869ರಲ್ಲಿ ಕಟ್ಟಿಕೊಂಡ ಸಂಘ. ಕೋಲಾರದ ಇಟಿಸಿಎಂ ಆಸ್ಪತ್ರೆ ಎಲ್ಲರಿಗೂ ಗೊತ್ತು, ಅದರ ಮೊದಲ ಮೂರು ಅಕ್ಷರ ಎಲ್ಲೆನ್ ಥೋಬರ್ನ್ ಕೋವೆನ್. ಇಸಾಬೆಲ್ಲಾರ ಅಕ್ಕತಂಗಿ. ಅಲ್ಲಿ ಹುಟ್ಟಿದವರಲ್ಲಿ ಎಷ್ಟು ಜನಕ್ಕೆ ಗೊತ್ತು?

ರಿಚ್ಮಂಡ್_ಟೌನ್

ನಾನು ಅಲ್ಲೇ ಹುಟ್ಟಿದ್ದು. ಗೊತ್ತಿರಲಿಲ್ಲ :)

ಹುಟ್ಟಿದ ಮಾತು ಬಂತು ಅಂತ ಇದೂ ಇರಲಿ. ಸಿಂಗಪುರದ ಹೆಸರಾಂತ ಆಂಗ್ಲೋ ಚೈನೀಸ್ ಸ್ಕೂಲ್ ಕೂಡ ಮೆಥಡಿಸ್ಟರದೇ. 1886ರ ಮಾರ್ಚ್ 1ರಂದು ಅಮೋಯ್ ಬೀದಿಯ ಒಂದು ಅಂಗಡಿಮನೆಯಲ್ಲಿ 13 ಮಕ್ಕಳಿಂದ ಶುರುವಾಯಿತು. ತೆರೆದವರು ವಿಲಿಯಂ ಓಲ್ಡ್‌ಹ್ಯಾಮ್, 1854ರಲ್ಲಿ ನಮ್ಮ ಬೆಂಗಳೂರಿನಲ್ಲಿ ಹುಟ್ಟಿದವರು. ಮೊದಲು ಸರ್ಕಾರದ ಸರ್ವೆ ಕೆಲಸ, ಆಮೇಲೆ ಬೋಧಕ, 1904ರಲ್ಲಿ ಬಿಷಪ್. ಸಿಂಗಪುರದಲ್ಲಿರುವ ನನ್ನ ತಂಗಿ ಮಗ ಆ ಶಾಲೆಯ ಬಗ್ಗೆ ಜಂಬ ಕೊಚ್ಚಿದಾಗಲೆಲ್ಲ ನಾನು ಇದನ್ನು ಹೇಳ್ತೀನಿ.

ಲಗಾನ್_ದಂಡೆ

ಇವೆಲ್ಲದರ ನಡುವೆ ಹಾಡು ಮರೆತಿರಿ. ವೆಸ್ಲಿಯ ತಮ್ಮ ಚಾರ್ಲ್ಸ್ ಸಾವಿರಾರು ಕೀರ್ತನೆ ಬರೆದವರು. ಮೆಥಡಿಯ ಮಕ್ಕಳ ಗಾಯನಕ್ಕೆ ಇಲ್ಲಿ ದೊಡ್ಡ ಹೆಸರಿದೆ. ನಿಮ್ಮ ಮಗಳಿಗೆ ಕಂಠ ಇದ್ದರೆ ಕಾಯರ್‌ಗೆ ಹಾಕಿ. ಊರಲ್ಲಿ ಸಂಗೀತ ಕಲಿತಿದ್ದಾಳಾ?

ತುಮಕೂರು_ತಟ್ಟೆಇಡ್ಲಿ

ಸರಳೆ, ಜಂಟಿವರಸೆ ಮುಗಿದು ಗೀತೆಗೆ ಬಂದಿದ್ದಾಳೆ, ಆನ್‌ಲೈನ್‌ನಲ್ಲಿ. ಕೇಳ್ತೀನಿ ಅವಳನ್ನ.

ಡಿಸೆಂಬರ್‌ನಲ್ಲಿ ಊರಿಗೆ ಬರ್ತಿದ್ದೇವೆ. ಗುಬ್ಬಿಯ ಆ ಚರ್ಚಿಗೆ ಹೋಗಿ ಬರಬೇಕು ಅಂತ ಇದೆ. ನಾವು ಕ್ರಿಶ್ಚಿಯನ್ನರಲ್ಲ, ಸುಮ್ನೆ ಒಳಗೆ ಹೋಗಿ ನೋಡಬಹುದಾ?

ಬೀದರ್_ಬಿದ್ರಿ

ಧಾರಾಳವಾಗಿ. ಚಪ್ಪಲಿ ಬಾಗಿಲಲ್ಲಿ ಬಿಡುವ ರೂಢಿ ನಮ್ಮ ಹಳ್ಳಿ ಕಡೆಯ ಚರ್ಚುಗಳಲ್ಲಿ ಬಹಳ ಕಡೆ ಇದೆ, ಉಳಿದವರು ಏನು ಮಾಡ್ತಾರೆ ನೋಡಿಕೊಂಡು ಹಾಗೇ ಮಾಡಿ. ಭಾನುವಾರ ಬೆಳಿಗ್ಗೆ ಹೋದರೆ ಆರಾಧನೆ ಇರುತ್ತದೆ, ಮುಗಿದ ಮೇಲೆ ಸಭಾಪಾಲಕರನ್ನು ಮಾತಾಡಿಸಿ. ಜನವರಿ ಮೊದಲ ಭಾನುವಾರದವರೆಗೆ ಇದ್ದರೆ ಇನ್ನೂ ಒಳ್ಳೆಯದು. ಹೊಸ ವರ್ಷಕ್ಕೆ ದೇವರ ಜೊತೆ ಒಡಂಬಡಿಕೆ ಹೊಸದು ಮಾಡಿಕೊಳ್ಳುವ ಆರಾಧನೆ ವೆಸ್ಲಿ 1755ರಲ್ಲಿ ಶುರು ಮಾಡಿದ್ದು, ವೆಸ್ಲಿಯನ್ ಹಿನ್ನೆಲೆಯ ಸಭೆಗಳು ಅದನ್ನು ಬಿಟ್ಟಿಲ್ಲ. ಬೆಲ್‌ಫಾಸ್ಟ್‌ನಲ್ಲೂ ಅದೇ ಪ್ರಾರ್ಥನೆ ಹೇಳ್ತಾರೆ.

ಮೈಸೂರು_ಮೇಷ್ಟ್ರು

ಹೋದರೆ ಚರ್ಚಿನ ಮುಂದೆ ಹೆಸರು ಬರೆದಿರುವ ಕಡೆ ಮಗಳನ್ನು ನಿಲ್ಲಿಸಿ ಒಂದು ಫೋಟೋ ತೆಗೆಯಿರಿ. ಬೆಲ್‌ಫಾಸ್ಟ್‌ಗೆ ವಾಪಸ್ಸು ಹೋದ ಮೇಲೆ ಶಾಲೆಯಲ್ಲಿ ಇತಿಹಾಸದ ಟೀಚರ್‌ಗೆ ತೋರಿಸಲಿ. ನನಗೂ ಇಲ್ಲಿ ಒಂದು ಕಾಪಿ ಹಾಕಿ.

ನೇರ_ಮಾತು

ಹಾಗೇ ಗುಬ್ಬಿಯಲ್ಲಿ ವೀರಣ್ಣನವರ ಹೆಸರಿನ ರಂಗಮಂದಿರಕ್ಕೂ ಹೋಗಿಬನ್ನಿ. ಅದರ ಫೋಟೋನೂ ಹಾಕಿ.